ಏನು ಕೇಳ್ತೀರಿ, ಹೇಗೆ ಕೇಳ್ತೀರಿ? – ಕ್ರೈಸ್ತ ಪಾಡ್‌ಕಾಸ್ಟ್ ಆರಿಸಿಕೊಳ್ಳುವ ಬಗ್ಗೆ

ಯೌವನಸ್ಥರ ಕೂಟದ ಸಂದೇಶ
ವಾಕ್ಯಭಾಗ: ಮಾರ್ಕ 4:24, ಲೂಕ 8:18, ಅಪೊಸ್ತಲರ ಕೃತ್ಯಗಳು 17:10-12

ಕೂತ್ಕೊಳ್ಳಿ. ಶನಿವಾರ ಸಂಜೆ, ಈ ಮಳೆ, ಈ ಟ್ರಾಫಿಕ್, ಆದ್ರೂ ಇಷ್ಟು ಜನ ಬಂದಿದ್ದೀರಿ. ದೇವರಿಗೆ ಸ್ತೋತ್ರ.

ಪ್ರತಿ ವಾರ ನಾನು ಫೋನ್ ಒಳಗಿಡಿ ಅಂತ ಹೇಳ್ತೀನಿ. ಇವತ್ತು ಹೊರಗೆ ತೆಗೆಯಿರಿ. ಸ್ಪಾಟಿಫೈ ಇರಲಿ, ಯೂಟ್ಯೂಬ್ ಇರಲಿ, ಹಿಸ್ಟರಿ ನೋಡಿ. ಹೋದ ಏಳು ದಿನದಲ್ಲಿ ಯಾರ್ಯಾರ ದನಿ ನಿಮ್ಮ ಕಿವಿಗೆ ಹೋಗಿದೆ? ಪಕ್ಕದವರಿಗೆ ತೋರಿಸಬೇಡಿ, ಭಯಪಡಬೇಡಿ. ನೀವು ಮಾತ್ರ ನೋಡ್ಕೊಳ್ಳಿ.

ನಮ್ಮಲ್ಲಿ ಅನೇಕರು ದಿನಕ್ಕೆ ಎರಡು ಗಂಟೆ ಬಸ್ಸು, ಮೆಟ್ರೋ, ಕ್ಯಾಬ್‌ನಲ್ಲಿ ಕಳೀತೀವಿ. ನಾನೂ ಅಷ್ಟೇ. ವಾರಕ್ಕೆ ಐದು ದಿನ ಆಫೀಸ್ ಕೆಲಸ, ಉಳಿದ ಸಮಯ ಸಭೆಯ ಸೇವೆ. ಆ ಪ್ರಯಾಣದಲ್ಲಿ ಇಯರ್‌ಫೋನ್ ಹಾಕ್ಕೊಂಡು ಪ್ರಸಂಗ ಕೇಳೋದು ಒಳ್ಳೇದೇ. ಅದನ್ನು ನಿಲ್ಲಿಸಿ ಅಂತ ಹೇಳೋಕೆ ನಾನು ಬಂದಿಲ್ಲ. ಆದ್ರೆ ಒಂದು ವಿಷಯವನ್ನು ಒಪ್ಪಿಕೊಳ್ಳೋಕೆ ಬಂದಿದ್ದೀನಿ.

ನಾನು ಕಳಿಸಿದ ಲಿಂಕ್

ಸುಮಾರು ಎರಡು ವರ್ಷದ ಹಿಂದೆ ನಾನು ಒಂದು ಪಾಡ್‌ಕಾಸ್ಟ್ ಕೇಳ್ತಿದ್ದೆ. ಪ್ರಾರ್ಥನೆಯ ಬಗ್ಗೆ ಮೂರು ಎಪಿಸೋಡ್ ಕೇಳಿದೆ. ಚೆನ್ನಾಗಿತ್ತು. ಮನಸ್ಸು ಮುಟ್ಟಿತು. ಮೆಟ್ರೋದಲ್ಲಿ ಕೂತಿದ್ದಾಗಲೇ ನಮ್ಮ ಯೂತ್ ವಾಟ್ಸಾಪ್ ಗ್ರೂಪ್‌ಗೆ ಲಿಂಕ್ ಹಾಕಿ, ಎಲ್ಲರೂ ಕೇಳಿ, ತುಂಬಾ ಆಶೀರ್ವಾದವಾಗಿದೆ ಅಂತ ಬರೆದೆ. ಹದಿನೈದು ಜನ ಕೈಮುಗಿಯೋ ಎಮೋಜಿ ಹಾಕಿದ್ರು. ಆಮೇಲೆ ನಾನು ಅದನ್ನು ಮರೆತೇಬಿಟ್ಟೆ.

ನಮ್ಮ ಕೂಟದ ಒಬ್ಬ ತಮ್ಮ ಮರೆಯಲಿಲ್ಲ. ಅವನ ಹೆಸರು ಹೇಳೋದಿಲ್ಲ. ಇದನ್ನು ಹೇಳಬಹುದಾ ಅಂತ ಅವನನ್ನೂ ಅವನ ತಾಯಿಯನ್ನೂ ಕೇಳಿದ್ದೀನಿ, ಇಬ್ಬರೂ ಒಪ್ಪಿದ್ದಾರೆ. ಅವನಿಗೆ ಚಿಕ್ಕ ವಯಸ್ಸಿನಿಂದ ಫಿಟ್ಸ್ ಬರ್ತಿತ್ತು. ಮಾತ್ರೆ ತಗೊಂಡು ಚೆನ್ನಾಗಿದ್ದ. ಕೆಲಸಕ್ಕೂ ಹೋಗ್ತಿದ್ದ. ಪಾಸ್ಟರ್ ಕಳಿಸಿದ್ದು ಅಂತ ಆ ಪಾಡ್‌ಕಾಸ್ಟ್‌ನ ಎಲ್ಲಾ ಎಪಿಸೋಡ್ ಕೇಳಿದ. ಇಪ್ಪತ್ತಕ್ಕಿಂತ ಮೇಲೆ ಎಲ್ಲೋ ಒಂದು ಕಡೆ ಆ ಬೋಧಕರು ಹೇಳ್ತಾರೆ: ಸ್ವಸ್ಥತೆಯನ್ನು ನಂಬಿದ ಮೇಲೂ ಮಾತ್ರೆ ನುಂಗೋದು ಅಂದ್ರೆ ದೇವರನ್ನು ಸುಳ್ಳುಗಾರ ಅಂತ ಕರೆದ ಹಾಗೆ. ಅವನು ಆ ರಾತ್ರಿ ಪ್ರಾರ್ಥನೆ ಮಾಡಿ ಮಾತ್ರೆ ನಿಲ್ಲಿಸಿಬಿಟ್ಟ. ಮನೆಯಲ್ಲಿ ಹೇಳಲಿಲ್ಲ. ನನಗೂ ಹೇಳಲಿಲ್ಲ. ಎಲ್ಲಾ ಸರಿಹೋದ ಮೇಲೆ ಭಾನುವಾರ ಸಾಕ್ಷಿ ಹೇಳಬೇಕು ಅಂದುಕೊಂಡಿದ್ದ.

ಹನ್ನೊಂದನೇ ದಿನ ಮೆಟ್ರೋ ಸ್ಟೇಷನ್ ಮೆಟ್ಟಿಲ ಮೇಲೆ ಫಿಟ್ಸ್ ಬಂದು ಬಿದ್ದ. ತಲೆಗೆ ಆರು ಹೊಲಿಗೆ. ಮೆಟ್ಟಿಲ ಬದಲು ಪ್ಲಾಟ್‌ಫಾರ್ಮ್ ಅಂಚಿನಲ್ಲಿ ಬಿದ್ದಿದ್ರೆ ಅಂತ ಇವತ್ತಿಗೂ ಯೋಚನೆ ಬರುತ್ತೆ.

ನಾನು ಆಸ್ಪತ್ರೆಗೆ ಓಡಿ ಹೋದೆ. ಅವನ ತಾಯಿ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ರು. ಬೈಯಲಿಲ್ಲ. “ಪಾಸ್ಟರೇ, ನೀವು ಕಳಿಸಿದ್ದು ಅಂತಾನೇ ಅವನು ಕೇಳ್ದ” ಅಂದ್ರು. ಅಷ್ಟೇ. ಬೈದಿದ್ರೆ ಚೆನ್ನಾಗಿರ್ತಿತ್ತು.

ಪ್ರಿಯರೇ, ನಾವು ಪೆಂತೆಕೋಸ್ತಿನವರು. ದೇವರು ಇವತ್ತೂ ಸ್ವಸ್ಥಪಡಿಸ್ತಾನೆ ಅಂತ ನಂಬ್ತೀವಿ. ಯಾಕೋಬ 5:14ರ ಪ್ರಕಾರ ಎಣ್ಣೆ ಹಚ್ಚಿ ಪ್ರಾರ್ಥಿಸ್ತೀವಿ. ಅದರಲ್ಲಿ ನಾನು ಒಂದು ಹೆಜ್ಜೆಯೂ ಹಿಂದೆ ಹೋಗಲ್ಲ. ಆದ್ರೆ ಅದೇ ಸತ್ಯವೇದದಲ್ಲಿ ಪೌಲನ ಜೊತೆ ಲೂಕ ಅನ್ನೋ ವೈದ್ಯ ಇದ್ದಾನೆ (ಕೊಲೊಸ್ಸೆ 4:14). ಪೌಲ ತಿಮೊಥೆಯನಿಗೆ ಅವನ ಹೊಟ್ಟೆಯ ತೊಂದರೆಗೆ ಏನು ತಗೋಬೇಕು ಅಂತ ಬರೀತಾನೆ (1 ತಿಮೊಥೆಯ 5:23). ತ್ರೊಫಿಮನಿಗೆ ಹುಷಾರಿಲ್ಲದೆ ಮಿಲೇತದಲ್ಲಿ ಬಿಟ್ಟು ಬಂದೆ ಅಂತ ಬರೀತಾನೆ (2 ತಿಮೊಥೆಯ 4:20). ಪೌಲನ ಕೈಯಿಂದ ಎಷ್ಟೋ ಜನ ಗುಣವಾದ್ರು, ಆದ್ರೂ ತ್ರೊಫಿಮನಿಗೆ ನಿನಗೆ ನಂಬಿಕೆ ಇಲ್ಲ ಅಂತ ಅವನು ಹೇಳಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ನಾನು ಆ ಪಾಡ್‌ಕಾಸ್ಟ್ ಮೊದಲಿಂದ ಕೊನೆವರೆಗೂ ಕೇಳಿದೆ. ಈ ಮೂರು ವಾಕ್ಯ ಒಂದು ಸಲವೂ ಬರಲಿಲ್ಲ. ಮೂರು ಎಪಿಸೋಡ್ ಕೇಳಿ ಕಳಿಸಿದವನು ನಾನು, ಪೂರ್ತಿ ಕೇಳಿದವನು ಅವನು.

ಯಾರಾದ್ರೂ ಮಾತ್ರೆ ತಗೋತಿದ್ರೆ ಕೇಳಿಸ್ಕೊಳ್ಳಿ: ಪ್ರಾರ್ಥನೆ ಮಾಡಿ, ನಾವೂ ಮಾಡ್ತೀವಿ. ಮಾತ್ರೆ ನಿಲ್ಲಿಸೋ ಮಾತು ಡಾಕ್ಟರ್ ಬಾಯಿಂದ ಬರಲಿ. ಕರ್ತನು ಗುಣ ಮಾಡಿದ್ರೆ ಅದು ಡಾಕ್ಟರ್ ಪರೀಕ್ಷೆಯಲ್ಲೂ ಕಾಣುತ್ತೆ. ಆಮೆನ್?

ಕರ್ತನ ಎರಡು ಎಚ್ಚರಿಕೆ

ಈಗ ಸತ್ಯವೇದ ತೆರೆಯಿರಿ. ಬಿತ್ತುವವನ ಸಾಮ್ಯ ಹೇಳಿದ ಮೇಲೆ ಯೇಸು ಸ್ವಾಮಿ ಶಿಷ್ಯರಿಗೆ ಒಂದು ಎಚ್ಚರಿಕೆ ಕೊಡ್ತಾರೆ. ಮಾರ್ಕ 4:24 ಓದಿ. ಅಲ್ಲಿ ಒತ್ತು ಇರೋದು ನಾವು ಏನನ್ನು ಕೇಳ್ತೀವಿ ಅನ್ನೋದರ ಮೇಲೆ. ಈಗ ಲೂಕ 8:18 ಓದಿ. ಅದೇ ಸಂದರ್ಭ, ಆದ್ರೆ ಒತ್ತು ನಾವು ಹೇಗೆ ಕೇಳ್ತೀವಿ ಅನ್ನೋದರ ಮೇಲೆ. ಪವಿತ್ರಾತ್ಮನು ನಮಗೋಸ್ಕರ ಎರಡನ್ನೂ ಬರೆಸಿಟ್ಟಿದ್ದಾನೆ. ತಪ್ಪಾದದ್ದನ್ನು ಗಮನಕೊಟ್ಟು ಕೇಳಿದ್ರೂ ನಷ್ಟ, ಸರಿಯಾದದ್ದನ್ನು ಗಮನವಿಲ್ಲದೆ ಕೇಳಿದ್ರೂ ನಷ್ಟ.

ಮೊದಲು ‘ಏನನ್ನು’ ಅನ್ನೋದು ನೋಡೋಣ. ಯಾವ ಪಾಡ್‌ಕಾಸ್ಟ್ ಆದ್ರೂ ಸರಿ, ನಾನು ಈಗ ನಾಲ್ಕು ಪ್ರಶ್ನೆ ಕೇಳ್ತೀನಿ. ನೀವೂ ಬರ್ಕೊಳ್ಳಿ.

1. ಇವರು ವಾಕ್ಯವನ್ನು ತೆರೆದು ತೋರಿಸ್ತಾರಾ, ಬರೀ ಬಳಸಿಕೊಳ್ತಾರಾ?

ಅಪೊಸ್ತಲರ ಕೃತ್ಯಗಳು 17. ಥೆಸಲೋನಿಕದಲ್ಲಿ ಗಲಾಟೆ ಆಗಿ ಪೌಲ ಮತ್ತು ಸೀಲರನ್ನು ರಾತ್ರೋರಾತ್ರಿ ಬೆರೋಯಕ್ಕೆ ಕಳಿಸ್ತಾರೆ. ಬೆರೋಯದ ಜನರ ಬಗ್ಗೆ ಲೂಕ ಎರಡು ವಿಷಯ ಒಟ್ಟಿಗೆ ಬರೀತಾನೆ. ಒಂದು, ಅವರು ಆಸೆಯಿಂದ ವಾಕ್ಯ ತಗೊಂಡ್ರು. ಇನ್ನೊಂದು, ಅದು ಹೌದೋ ಅಲ್ಲವೋ ಅಂತ ದಿನಾ ಶಾಸ್ತ್ರವನ್ನು ಪರಿಶೋಧಿಸಿದ್ರು. ನಮ್ಮಲ್ಲಿ ಕೆಲವರಿಗೆ ಪರೀಕ್ಷೆ ಮಾಡೋದು ಅಂದ್ರೆ ಅಪನಂಬಿಕೆ ಅನ್ನಿಸುತ್ತೆ. ದೈವಸೇವಕರನ್ನು ಪ್ರಶ್ನೆ ಮಾಡಬಾರದು ಅಂತೀವಿ. ಬೆರೋಯದವರು ಪರೀಕ್ಷೆ ಮಾಡಿದ್ದು ಯಾರನ್ನು? ಪೌಲನನ್ನು! ಅದಕ್ಕೆ ಸತ್ಯವೇದ ಅವರನ್ನು ಬೈಯಲಿಲ್ಲ, ಹೊಗಳಿತು. ಅವರ ಹತ್ತಿರ ಜೇಬಲ್ಲಿ ಬೈಬಲ್ ಆ್ಯಪ್ ಇರಲಿಲ್ಲ. ಸುರುಳಿ ಇರ್ತಿದ್ದದ್ದು ಸಭಾಮಂದಿರದಲ್ಲಿ. ನಮಗೆ ಎರಡು ಬೆರಳು ಸಾಕು, ಆದ್ರೂ ನಾವು ಪರೀಕ್ಷಿಸಲ್ಲ.

ಸುಲಭವಾಗಿ ಪರೀಕ್ಷಿಸೋದು ಹೇಗೆ? ಬೋಧಕರು ಹೇಳಿದ ವಚನ ತೆಗೆದು, ಅದರ ಹಿಂದಿನ ಹತ್ತು ವಚನ, ಮುಂದಿನ ಹತ್ತು ವಚನ ಓದಿ. ಯೆರೆಮೀಯ 29:11 ತಗೊಳ್ಳಿ. ಕ್ಯಾಂಪಸ್ ಇಂಟರ್ವ್ಯೂ, ಪ್ರಮೋಷನ್, ವೀಸಾ ಎಲ್ಲದಕ್ಕೂ ಆ ವಚನ ಹೇಳ್ತೀವಿ. ಮನೆ ಗೋಡೆ ಮೇಲೂ ಇರುತ್ತೆ. ಅದರ ಹಿಂದಿನ ವಚನ ಎಷ್ಟು ಜನ ಓದಿದ್ದೀರಿ? ಅಲ್ಲಿ 70 ವರ್ಷ ಅಂತ ಇದೆ. ಅದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರ. ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಆ ಪಟ್ಟಣಕ್ಕಾಗಿ ಪ್ರಾರ್ಥಿಸಿ ಅಂತ ಅದೇ ಅಧ್ಯಾಯದಲ್ಲಿ ದೇವರು ಹೇಳ್ತಾನೆ. ಪತ್ರ ಕೇಳಿಸಿಕೊಂಡವರಲ್ಲಿ ಅನೇಕರು ಊರಿಗೆ ವಾಪಸ್ ಬರೋ ಮೊದಲೇ ಮಣ್ಣಾದ್ರು. ಇಷ್ಟು ತಿಳಿದ ಮೇಲೆ ಆ ವಾಗ್ದಾನ ಚಿಕ್ಕದಾಗಲ್ಲ. ಇನ್ನೂ ಗಟ್ಟಿಯಾಗುತ್ತೆ. ಕೆಲಸ ಸಿಗದ ವರ್ಷದಲ್ಲೂ ಅದು ನಿಲ್ಲುತ್ತೆ. ಒಳ್ಳೆ ಬೋಧಕರು ಇದನ್ನು ತೋರಿಸ್ತಾರೆ. ಬಳಸಿಕೊಳ್ಳೋರು ಒಂದು ವಚನ ಕಿತ್ತು ಕೊಟ್ಟು ಮುಂದೆ ಹೋಗ್ತಾರೆ.

2. ನಲವತ್ತು ನಿಮಿಷದಲ್ಲಿ ಯೇಸು ಎಲ್ಲಿದ್ದಾರೆ?

ಎಪಿಸೋಡ್ ಮುಗಿದ ಮೇಲೆ ನಿಮ್ಮನ್ನೇ ಕೇಳ್ಕೊಳ್ಳಿ. ಶಿಲುಬೆಯ ಬಗ್ಗೆ ಏನಾದ್ರೂ ಕೇಳಿದ್ನಾ? ಪಾಪ, ಪಶ್ಚಾತ್ತಾಪ ಅನ್ನೋ ಮಾತು ಬಂತಾ? ಅಥವಾ ಪೂರ್ತಿ ನನ್ನ ಬಗ್ಗೆ, ನನ್ನ ಕನಸು, ನನ್ನ ಬ್ರೇಕ್‌ಥ್ರೂ, ನನ್ನ ಶತ್ರುಗಳ ಬಗ್ಗೆನೇ ಇತ್ತಾ? ಯೇಸು ಸ್ವಾಮಿಯ ಹೆಸರು ಪ್ರಾರ್ಥನೆಯ ಕೊನೆಯಲ್ಲಿ ಒಂದೇ ಸಲ ಬರೋ ಕಾರ್ಯಕ್ರಮಗಳೂ ಇವೆ. ಆ ಹೆಸರು ತೆಗೆದ್ರೂ ಮೋಟಿವೇಷನ್ ಭಾಷಣವಾಗಿ ಸರಿಹೋಗುತ್ತೆ ಅಂದ್ರೆ, ಅದು ಸುವಾರ್ತೆ ಅಲ್ಲ. ಪೌಲ ಕೊರಿಂಥದವರ ನಡುವೆ ಬೇರೆ ಏನನ್ನೂ ತಿಳಿಯದೆ ಶಿಲುಬೆಗೆ ಹಾಕಲ್ಪಟ್ಟ ಕ್ರಿಸ್ತನನ್ನೇ ಸಾರೋಕೆ ತೀರ್ಮಾನಿಸಿದ್ದ (1 ಕೊರಿಂಥ 2:2). ಇನ್ನು ಪ್ರತಿ ಎಪಿಸೋಡ್‌ನಲ್ಲೂ ಕ್ಯೂಆರ್ ಕೋಡ್, ಇಷ್ಟು ಬಿತ್ತಿದ್ರೆ ಇಷ್ಟು ಕೊಯ್ತೀರಿ ಅನ್ನೋ ಲೆಕ್ಕ ಬರ್ತಿದ್ರೆ, ನಾನು ಹೆಚ್ಚು ವಿವರಿಸಬೇಕಾಗಿಲ್ಲ. ಅನ್‌ಫಾಲೋ ಬಟನ್ ಎಲ್ಲಿದೆ ಅಂತ ನಿಮಗೆ ಗೊತ್ತು.

3. ಇವರ ಜೀವನ ಯಾರ ಕಣ್ಣಮುಂದೆ ಇದೆ?

ಇಬ್ರಿಯ 13:7 ನೋಡಿ. ದೇವರ ವಾಕ್ಯ ತಿಳಿಸಿದ ನಾಯಕರನ್ನು ನೆನಪು ಮಾಡಿಕೊಳ್ಳಿ, ಅವರ ನಡತೆಯಿಂದ ಏನು ಫಲ ಬಂತು ಅಂತ ಗಮನಿಸಿ ಅನ್ನೋದು ಅದರ ಅರ್ಥ. ಮಾತು ಮಾತ್ರ ಸಾಲದು, ನಡತೆ ನೋಡಬೇಕು. ಪಾಡ್‌ಕಾಸ್ಟ್‌ನಲ್ಲಿ ನಮಗೆ ಸಿಗೋದು ಮಾತು ಮಾತ್ರ.

ಇದು ನನಗೆ ನೋವಿನ ವಿಷಯ. ಬೈಬಲ್ ಕಾಲೇಜಿನಲ್ಲಿ ಡಿಪ್ಲೊಮಾ ಮಾಡುವಾಗ ನಾನು ರವಿ ಜಕರಾಯಸ್ ಅವರ ‘ಲೆಟ್ ಮೈ ಪೀಪಲ್ ಥಿಂಕ್’ ಕಾರ್ಯಕ್ರಮವನ್ನು ಬಹಳ ಕೇಳಿದವನು. ನಮ್ಮ ಚೆನ್ನೈಯಲ್ಲಿ ಹುಟ್ಟಿದವರು, ಪ್ರಪಂಚದ ದೊಡ್ಡ ಯೂನಿವರ್ಸಿಟಿಗಳಲ್ಲಿ ನಂಬಿಕೆಯ ಪರವಾಗಿ ಮಾತಾಡಿದವರು. ನನ್ನ ಎಷ್ಟೋ ಸಂದೇಹಕ್ಕೆ ಅವರಿಂದ ಉತ್ತರ ಸಿಕ್ಕಿತ್ತು. 2020ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ ನಾನು ಅತ್ತಿದ್ದೆ. 2021ರ ಫೆಬ್ರವರಿಯಲ್ಲಿ, ಅವರ ಸಂಸ್ಥೆಯೇ ಒಂದು ಲಾಯರ್ ಸಂಸ್ಥೆಯಿಂದ ಮಾಡಿಸಿದ ತನಿಖೆಯ ವರದಿ ಹೊರಗೆ ಬಂತು. ಅವರು ಹೆಣ್ಣುಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದರು ಅಂತ ಅದರಲ್ಲಿತ್ತು. ಸಂಸ್ಥೆ ಕ್ಷಮೆ ಕೇಳಿತು.

ಆಗ ನನಗೆ ಬಂದ ಪ್ರಶ್ನೆ: ಇಷ್ಟು ವರ್ಷ ಕೇಳಿದ್ದೀನಲ್ಲಾ, ನನಗೆ ಯಾಕೆ ಗೊತ್ತಾಗಲಿಲ್ಲ? ಉತ್ತರ ಸರಳ. ಕಿವಿಯಿಂದ ಅದು ಗೊತ್ತಾಗೋದಿಲ್ಲ. ದನಿ ಎಷ್ಟು ಹತ್ತಿರ ಇದ್ರೂ ಮನುಷ್ಯ ಬಹಳ ದೂರ ಇದ್ದಾನೆ. ಅದಕ್ಕೇ ನಾನು ಈಗ ವಿಚಾರಿಸ್ತೀನಿ: ಇವರು ಯಾವ ಸಭೆಗೆ ಸೇರಿದವರು? ಇವರ ಮೇಲೆ ಹಿರಿಯರು ಇದ್ದಾರಾ? ತಪ್ಪಾದಾಗ ತಪ್ಪು ಅಂತ ಒಪ್ಪಿಕೊಂಡಿದ್ದಾರಾ? ಹಣದ ಲೆಕ್ಕ ಯಾರಿಗೆ ಕೊಡ್ತಾರೆ? ಇಷ್ಟು ವಿಚಾರಿಸಿದ್ರೂ ನಾನು ಮೋಸ ಹೋಗಬಹುದು. ಆದ್ದರಿಂದ ದೂರದ ದನಿಗೆ ಬೋಧಕನ ಸ್ಥಾನ ಕೊಡ್ತೀನಿ, ಕುರುಬನ ಸ್ಥಾನ ಕೊಡಲ್ಲ. ನಂಬಿಕೆಯನ್ನು ಕ್ರಿಸ್ತನ ಮೇಲೆ ಮಾತ್ರ ಇಡ್ತೀನಿ. ಮನುಷ್ಯ ಬಿದ್ದಾಗ ನಾನೂ ಬೀಳಬಾರದು ಅಂದ್ರೆ ಬೇರೆ ದಾರಿ ಇಲ್ಲ.

4. ಇವರು ನನ್ನನ್ನು ಸಭೆಗೆ ಕಳಿಸ್ತಾರಾ, ಸಭೆಯಿಂದ ಎಳೀತಾರಾ?

ಪಾಡ್‌ಕಾಸ್ಟ್ ಬರೋದಕ್ಕಿಂತ ಮುಂಚೆ ರೇಡಿಯೋ ಇತ್ತು. ಅಮೆರಿಕದಲ್ಲಿ ಹೆರಾಲ್ಡ್ ಕ್ಯಾಂಪಿಂಗ್ ಅಂತ ಒಬ್ಬರು ಫ್ಯಾಮಿಲಿ ರೇಡಿಯೋ ಅನ್ನೋ ಸಂಸ್ಥೆಯಿಂದ ದಿನಾ ಬೈಬಲ್ ಪ್ರಶ್ನೆಗಳಿಗೆ ಉತ್ತರ ಹೇಳ್ತಿದ್ರು. ಗಂಭೀರವಾದ ದನಿ, ಕೈಯಲ್ಲಿ ಬೈಬಲ್. ಸಭೆಗಳ ಕಾಲ ಮುಗಿಯಿತು, ಸಭೆ ಬಿಟ್ಟು ಹೊರಗೆ ಬನ್ನಿ ಅಂತ ಬೋಧಿಸೋಕೆ ಶುರು ಮಾಡಿದ್ರು. ಜನ ಬಿಟ್ಟು ಬಂದ್ರು. ಆಮೇಲೆ ಕರ್ತನು 2011ರ ಮೇ 21ಕ್ಕೆ ಬರ್ತಾನೆ ಅಂತ ಲೆಕ್ಕ ಹಾಕಿ ಸಾರಿದ್ರು. ಕೆಲವರು ಕೆಲಸ ಬಿಟ್ರು, ಉಳಿತಾಯದ ಹಣ ಪ್ರಚಾರಕ್ಕೆ ಹಾಕಿದ್ರು. ಮೇ 21 ಬಂತು, ಹೋಯ್ತು. ಮರುವರ್ಷ ಅವರು ತಮ್ಮದು ತಪ್ಪು, ಅದು ಪಾಪ ಅಂತ ಒಪ್ಪಿಕೊಂಡ್ರು. ಆ ದಿನ, ಆ ಗಳಿಗೆ ತಂದೆಗೆ ಹೊರತು ಯಾರಿಗೂ ಗೊತ್ತಿಲ್ಲ ಅಂತ ಮಾರ್ಕ 13:32ರಲ್ಲಿ ಕರ್ತನೇ ಹೇಳಿದ್ದಾರೆ. ಇದನ್ನು ತೋರಿಸೋಕೆ ಒಬ್ಬ ಸಾಧಾರಣ ಸಂಡೇ ಸ್ಕೂಲ್ ಟೀಚರ್ ಸಾಕಿತ್ತು. ಆದ್ರೆ ಆ ಜನ ಮೊದಲೇ ಸಭೆ ಬಿಟ್ಟಿದ್ರು. ಪಕ್ಕದಲ್ಲಿ ಕೂತು ಹೇಳೋರು ಯಾರೂ ಉಳಿದಿರಲಿಲ್ಲ.

ಅಪೊಸ್ತಲರ ಕೃತ್ಯಗಳು 20ರಲ್ಲಿ ಯೂತಿಖ ಅನ್ನೋ ಯೌವನಸ್ಥ ಇದ್ದಾನಲ್ಲಾ. ಪೌಲ ಮಧ್ಯರಾತ್ರಿವರೆಗೂ ಪ್ರಸಂಗ ಮಾಡ್ತಿದ್ದ, ಇವನು ಕಿಟಕಿಯಲ್ಲಿ ಕೂತು ತೂಕಡಿಸಿ ಮೂರನೇ ಅಂತಸ್ತಿನಿಂದ ಬಿದ್ದ. ಪೌಲನ ಪ್ರಸಂಗಕ್ಕೇ ನಿದ್ದೆ ಬಂತು ಅಂದ್ಮೇಲೆ ನನ್ನ ಪ್ರಸಂಗಕ್ಕೆ ನಿಮಗೆ ಬಂದ್ರೆ ನನಗೆ ಬೇಜಾರಿಲ್ಲ. ಪೌಲ ಏನು ಮಾಡಿದ ನೋಡಿ. ಪ್ರಸಂಗ ನಿಲ್ಲಿಸಿದ, ಕೆಳಗೆ ಇಳಿದು ಹೋದ, ಅವನನ್ನು ಅಪ್ಪಿಕೊಂಡ. ದೇವರು ಅವನಿಗೆ ಜೀವ ಕೊಟ್ಟರು.

ನಮ್ಮ ತಮ್ಮ ಮೆಟ್ಟಿಲ ಮೇಲೆ ಬಿದ್ದಾಗ ಆ ಪಾಡ್‌ಕಾಸ್ಟ್ ಬೋಧಕರಿಗೆ ಗೊತ್ತೇ ಇಲ್ಲ. ಇವತ್ತಿಗೂ ಗೊತ್ತಿಲ್ಲ. ಬಹುಶಃ ಆ ದಿನವೂ ಅವರು ಮುಂದಿನ ಎಪಿಸೋಡ್ ಹಾಕಿರ್ತಾರೆ. ಆಸ್ಪತ್ರೆಗೆ ಅಡುಗೆ ಮಾಡಿ ಕಳಿಸಿದ್ದು ನಮ್ಮ ಸಭೆಯ ಅಕ್ಕಂದಿರು. ರಾತ್ರಿ ಜೊತೆಯಲ್ಲಿ ಕಾದಿದ್ದು ನಿಮ್ಮಲ್ಲೇ ಇಬ್ಬರು. ಇಲ್ಲಿ ಪ್ರಸಂಗ ಪಾಡ್‌ಕಾಸ್ಟ್‌ನಷ್ಟು ಚೆನ್ನಾಗಿರಲ್ಲ, ಸೌಂಡ್ ಸಿಸ್ಟಮ್ ಕೀರಲು ಹೊಡೆಯುತ್ತೆ, ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದ್ರೆ ನೀವು ಬಿದ್ರೆ ಕೆಳಗೆ ಇಳಿದು ಬರೋರು ಇಲ್ಲಿ ಇದ್ದಾರೆ. ಒಳ್ಳೆ ಪಾಡ್‌ಕಾಸ್ಟ್ ಇದನ್ನು ತಾನೇ ಹೇಳುತ್ತೆ: ನನ್ನನ್ನು ಕೇಳೋದು ನಿಮ್ಮ ಸಭೆಗೆ ಬದಲಿ ಅಲ್ಲ.

ಈಗ ‘ಹೇಗೆ’ ಅನ್ನೋದು

ಬಿತ್ತುವವನ ಸಾಮ್ಯದಲ್ಲಿ ಬೀಜ ಒಂದೇ, ನೆಲ ನಾಲ್ಕು. ಒಳ್ಳೆ ಪಾಡ್‌ಕಾಸ್ಟ್ ಆರಿಸಿಕೊಂಡ ಮೇಲೂ ನೆಲದ ಪ್ರಶ್ನೆ ಹಾಗೇ ಉಳಿಯುತ್ತೆ. ನನ್ನ ವಿಷಯ ಹೇಳ್ತೀನಿ. ಒಂದು ಕಾಲದಲ್ಲಿ ನಾನು ಒಂದೂವರೆ ಪಟ್ಟು ವೇಗದಲ್ಲಿ ದಿನಕ್ಕೆ ಮೂರು ಪ್ರಸಂಗ ಮುಗಿಸ್ತಿದ್ದೆ. ರಾತ್ರಿ ನನ್ನ ಹೆಂಡತಿ ಕೇಳಿದಳು, “ಇವತ್ತು ಏನು ಕೇಳಿದ್ರಿ?” ಹೇಳೋಕೆ ಬರಲಿಲ್ಲ. ಬೋಧಕರ ಹೆಸರು ನೆನಪಿತ್ತು, ಜೋಕ್ ನೆನಪಿತ್ತು, ವಾಕ್ಯ ನೆನಪಿರಲಿಲ್ಲ. ನಾನು ದಾರಿಯ ಮಗ್ಗುಲಿನ ನೆಲ ಆಗಿದ್ದೆ. ಬೀಜ ಬೀಳುತ್ತೆ, ಹಕ್ಕಿ ಬಂದು ತಿನ್ನುತ್ತೆ. ಇವತ್ತಿನ ಹಕ್ಕಿಯ ಹೆಸರು ಆಟೋಪ್ಲೇ. ಒಂದು ಮುಗಿದ ಐದು ಸೆಕೆಂಡಿಗೆ ಇನ್ನೊಂದು ಶುರುವಾಗುತ್ತೆ, ಮೊದಲನೆಯದು ಎದೆಗೆ ಇಳಿಯೋಕೆ ಸಮಯವೇ ಇಲ್ಲ.

ನನ್ನ ಅಜ್ಜಿ ಕೋಲಾರದ ಕಡೆಯ ಹಳ್ಳಿಯವರು. ಆಗ ಸೇಶೆಲ್ಸ್ ದ್ವೀಪದಿಂದ ಫೆಬಾ ರೇಡಿಯೋ ಶಾರ್ಟ್‌ವೇವ್‌ನಲ್ಲಿ ನಮ್ಮ ದೇಶದ ಭಾಷೆಗಳಲ್ಲಿ ಕಾರ್ಯಕ್ರಮ ಕೊಡ್ತಿತ್ತು. ದನಿ ಬರುತ್ತೆ, ಹೋಗುತ್ತೆ, ಗೊರಗೊರ ಅನ್ನುತ್ತೆ. ಅಜ್ಜಿ ರೇಡಿಯೋಗೆ ಕಿವಿ ಹಚ್ಚಿ ಕೂತಿರೋರು. ಓದಿದ್ದು ನಾಲ್ಕನೇ ಕ್ಲಾಸು. ಪಕ್ಕದಲ್ಲಿ ಒಂದು ಪೆನ್ಸಿಲ್, ನನ್ನ ಹಳೇ ನೋಟ್‌ಬುಕ್. ಹೇಳಿದ ವಚನದ ಅಧ್ಯಾಯ, ಸಂಖ್ಯೆ ಮಾತ್ರ ಬರ್ಕೊಳ್ಳೋರು. ಕಾರ್ಯಕ್ರಮ ಮುಗಿದ ಮೇಲೆ ರೇಡಿಯೋ ಆರಿಸಿ, ಬೈಬಲ್ ತೆಗೆದು ಬೆರಳಿಟ್ಟು ಓದೋರು. ಅರ್ಥ ಆಗದಿದ್ರೆ ಅದರ ಮುಂದೆ ಒಂದು ಗೀಟು. ಭಾನುವಾರ ಆರಾಧನೆ ಮುಗಿದ ಮೇಲೆ ಆ ನೋಟ್‌ಬುಕ್ ಹಿಡ್ಕೊಂಡು ಅಯ್ಯನವರ ಮುಂದೆ ನಿಲ್ಲೋರು, “ಅಯ್ನೋರೇ, ಇದೇನು ಹೇಳಿ” ಅಂತ.

ವಾರಕ್ಕೆ ಅವರಿಗೆ ಸಿಗ್ತಿದ್ದದ್ದು ಒಂದೆರಡು ಗಂಟೆಯಷ್ಟೇ, ಅದರಲ್ಲೂ ಅರ್ಧ ಗೊರಗೊರ ಶಬ್ದ. ನನಗೆ ಸಿಗೋದು ಲೆಕ್ಕವಿಲ್ಲದಷ್ಟು. ಆದ್ರೆ ಪ್ರಾರ್ಥನೆಯಲ್ಲಿ, ತಾಳ್ಮೆಯಲ್ಲಿ, ಕ್ಷಮಿಸೋದರಲ್ಲಿ ಅಜ್ಜಿಯ ಹತ್ತಿರಕ್ಕೂ ನಾನು ಹೋಗಿಲ್ಲ. ಅವರು ಕೇಳಿದ್ದು ಕಡಿಮೆ, ಇಟ್ಟುಕೊಂಡಿದ್ದು ಹೆಚ್ಚು. ಲೂಕ 8:15ರ ಒಳ್ಳೆ ನೆಲ ಅಂದ್ರೆ ಅದೇ. ವಾಕ್ಯವನ್ನು ಕೇಳಿ, ಹಿಡ್ಕೊಂಡು, ತಾಳ್ಮೆಯಿಂದ ಫಲ ಕೊಡೋರು.

ಆಸ್ಪತ್ರೆಯ ಆ ದಿನದ ನಂತರ ನಾನು ಅಜ್ಜಿಯ ಅಭ್ಯಾಸವನ್ನೇ ತಗೊಂಡು ನನಗೆ ಕೆಲವು ನಿಯಮ ಮಾಡ್ಕೊಂಡೆ.

ಬೆಳಿಗ್ಗೆ ಮೊದಲು ಸತ್ಯವೇದ, ಆಮೇಲೆ ಪಾಡ್‌ಕಾಸ್ಟ್. ಊಟ ಮಾಡದೆ ಅಡುಗೆ ಕಾರ್ಯಕ್ರಮ ನೋಡಿದ್ರೆ ಹೊಟ್ಟೆ ತುಂಬಲ್ಲ.

ಆಟೋಪ್ಲೇ ಆಫ್. ಎಪಿಸೋಡ್ ಮುಗಿದ ಮೇಲೆ ಐದು ನಿಮಿಷ ಇಯರ್‌ಫೋನ್ ತೆಗೆದು ಸುಮ್ಮನೆ ಕೂತು ಪ್ರಾರ್ಥನೆ. ಮೆಟ್ರೋದಲ್ಲೇ ಮಾಡಬಹುದು, ಕಣ್ಣು ಮುಚ್ಚಿದ್ರೆ ನಿದ್ದೆ ಮಾಡ್ತಿದ್ದಾನೆ ಅಂದ್ಕೋತಾರೆ, ಪರವಾಗಿಲ್ಲ.

ಒಂದು ಸಲಕ್ಕೆ ಎರಡೇ ಪಾಡ್‌ಕಾಸ್ಟ್. ಹೊಸದು ಬೇಕಿದ್ರೆ ಹಳೇದು ಬಿಡಬೇಕು. ಅಡುಗೆ ಮಾಡ್ತಾ, ಪಾತ್ರೆ ತೊಳೀತಾ ಕೇಳಬಹುದು, ತಪ್ಪಿಲ್ಲ. ಆದ್ರೆ ವಾರಕ್ಕೆ ಒಂದನ್ನಾದ್ರೂ ಕೂತು, ಬರ್ಕೊಂಡು ಕೇಳಬೇಕು.

ಪೂರ್ತಿ ಕೇಳದೆ ಯಾರಿಗೂ ಲಿಂಕ್ ಕಳಿಸಬಾರದು. ಇದು ನನಗೆ ದುಬಾರಿಯಾಗಿ ಬಂದ ಪಾಠ. ಕಳಿಸೋವಾಗ ಇದರಲ್ಲಿ ಯಾವುದು ಚೆನ್ನಾಗಿದೆ, ಯಾವುದರಲ್ಲಿ ಹುಷಾರಾಗಿರಬೇಕು ಅಂತ ಎರಡು ಸಾಲು ಬರೀಬೇಕು.

ತಿಂಗಳಿಗೊಂದು ಸಲ ಫಲ ನೋಡಬೇಕು. ಇದನ್ನು ಕೇಳಿದ ಮೇಲೆ ನನ್ನ ಕೋಪ ಕಡಿಮೆ ಆಗಿದೆಯಾ? ಪ್ರಾರ್ಥನೆ ಹೆಚ್ಚಾಗಿದೆಯಾ? ಅಥವಾ ಬೇರೆ ಸಭೆಯವರ ತಪ್ಪು ಹುಡುಕೋ ಚಾಳಿ ಮಾತ್ರ ಬೆಳೆದಿದೆಯಾ? ಕೇಳಿ ಮರೆಯೋನು ಕನ್ನಡಿಯಲ್ಲಿ ಮುಖ ನೋಡ್ಕೊಂಡು ಹೋದ ಮೇಲೆ ಮರೆತುಬಿಡೋನ ಹಾಗೆ ಅಂತ ಯಾಕೋಬ 1ರಲ್ಲಿ ಇದೆಯಲ್ಲಾ. ಮನೆಯವರನ್ನು ಕೇಳಿ, ಅವರು ಸರಿಯಾದ ಉತ್ತರ ಕೊಡ್ತಾರೆ.

ಹಾಗಾದ್ರೆ ಯಾವುದು ಕೇಳೋದು?

ಈ ಪ್ರಶ್ನೆ ಬರುತ್ತೆ ಅಂತ ಗೊತ್ತು. ಮೊದಲನೆಯದು, ಸತ್ಯವೇದವನ್ನೇ ಕೇಳಿ. ಬೈಬಲ್ ಡಾಟ್ ಈಸ್ ಆ್ಯಪ್‌ನಲ್ಲಿ ಹೊಸ ಒಡಂಬಡಿಕೆಯನ್ನು ಕನ್ನಡದಲ್ಲೇ ಕೇಳಬಹುದು, ದುಡ್ಡು ಕೊಡಬೇಕಾಗಿಲ್ಲ. ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ನಾಲ್ಕೇ ಅಧ್ಯಾಯ, ಸುಮಾರು 20 ನಿಮಿಷ. ಮಾರ್ಕನ ಸುವಾರ್ತೆ ಸುಮಾರು ಎರಡು ಗಂಟೆ. ನಿಮ್ಮ ಒಂದು ದಿನದ ಟ್ರಾಫಿಕ್‌ನಲ್ಲಿ ಒಂದು ಸುವಾರ್ತೆ ಮುಗಿಯುತ್ತೆ! ಮೊದಲ ಶತಮಾನದ ಸಭೆಗಳಲ್ಲೂ ಹೆಚ್ಚಿನವರು ಪೌಲನ ಪತ್ರಗಳನ್ನು ಓದಲಿಲ್ಲ, ಯಾರೋ ಓದಿದ್ದನ್ನು ಕೇಳಿಸ್ಕೊಂಡ್ರು.

ಇಂಗ್ಲಿಷ್ ಅರ್ಥ ಆಗೋರಿಗೆ ಮೂರು ಹೆಸರು ಹೇಳ್ತೀನಿ. ಬೈಬಲ್ ಪ್ರಾಜೆಕ್ಟ್, ಟಿಮ್ ಮ್ಯಾಕಿ ಮತ್ತು ಜಾನ್ ಕಾಲಿನ್ಸ್ ಅನ್ನೋ ಇಬ್ಬರು ಸ್ನೇಹಿತರು ಕೂತು ಮಾತಾಡೋ ರೀತಿ. ಒಂದು ಪುಸ್ತಕ ಇಡೀ ಸತ್ಯವೇದದ ಕಥೆಯಲ್ಲಿ ಎಲ್ಲಿ ಸೇರುತ್ತೆ ಅಂತ ತೋರಿಸ್ತಾರೆ. ಮೊದಲ ಪ್ರಶ್ನೆಗೆ ಇದು ಒಳ್ಳೆ ಅಭ್ಯಾಸ. ಎರಡನೆಯದು ಬೈಬಲ್ ರೀಕ್ಯಾಪ್. ಅವತ್ತಿನ ಭಾಗ ನೀವು ಮೊದಲು ಓದಬೇಕು, ಆಮೇಲೆ ಚಿಕ್ಕ ಎಪಿಸೋಡ್ ಕೇಳಬೇಕು. ಓದದೆ ಕೇಳಿದ್ರೆ ಪ್ರಯೋಜನ ಕಡಿಮೆ. ಅದೇ ಅದರ ಒಳ್ಳೆ ಗುಣ. ಮೂರನೆಯದು ಆಸ್ಕ್ ಪಾಸ್ಟರ್ ಜಾನ್. 2013ರಿಂದ ಜಾನ್ ಪೈಪರ್ ಅವರು ಕೇಳುಗರ ಪ್ರಶ್ನೆಗೆ ಉತ್ತರ ಕೊಡ್ತಿದ್ದಾರೆ.

ಗಮನಿಸಿ, ಇವರು ಯಾರೂ ನಮ್ಮ ಪೆಂತೆಕೋಸ್ತ ಪಂಗಡದವರಲ್ಲ. ಉದಾಹರಣೆಗೆ ಪೈಪರ್ ಅವರು ಬ್ಯಾಪ್ಟಿಸ್ಟ್, ದೇವರ ಆಯ್ಕೆಯ ವಿಷಯದಲ್ಲಿ ಕ್ಯಾಲ್ವಿನ್ ಅವರ ಬೋಧನೆಯನ್ನು ಹಿಡಿದವರು. ಎಲ್ಲದಕ್ಕೂ ಹೂಂ ಅನ್ನಬೇಡಿ. ಇವರಿಗೂ ಅದೇ ನಾಲ್ಕು ಪ್ರಶ್ನೆ. ನಾಳೆ ಇವರಲ್ಲಿ ಯಾರ ಬಗ್ಗೆ ಏನು ಕೇಳಬೇಕಾಗುತ್ತೋ ಅದೂ ನನಗೆ ಗೊತ್ತಿಲ್ಲ. ಕನ್ನಡ ಪ್ರಸಂಗಗಳಿಗೂ, ನನ್ನ ಈ ಸಂದೇಶಕ್ಕೂ ಅದೇ ಪ್ರಶ್ನೆ. ಇವತ್ತು ನಾನು ಹೇಳಿದ ವಾಕ್ಯಗಳನ್ನು ಮನೆಗೆ ಹೋಗಿ ತೆರೆದು ನೋಡಿ. ತಪ್ಪಿದ್ರೆ ಬಂದು ಹೇಳಿ. ನಾನು ಇಲ್ಲೇ ಇರ್ತೀನಿ, ಅಡ್ರೆಸ್ ಗೊತ್ತಿದೆ.

ಪ್ರವಾದನೆಯ ಹೆಸರಲ್ಲಿ ಬರೋ ಕಾರ್ಯಕ್ರಮಗಳ ಬಗ್ಗೆ ಒಬ್ಬ ಸಿಸ್ಟರ್ ಹೋದ ವಾರ ಕೇಳಿದ್ರು. 1 ಥೆಸಲೋನಿಕ 5:19-21ರಲ್ಲಿ ಮೂರೂ ಒಟ್ಟಿಗೆ ಇವೆ: ಆತ್ಮನನ್ನು ನಂದಿಸಬಾರದು, ಪ್ರವಾದನೆಯನ್ನು ತಾತ್ಸಾರ ಮಾಡಬಾರದು, ಎಲ್ಲವನ್ನೂ ಪರೀಕ್ಷಿಸಿ ಒಳ್ಳೇದನ್ನು ಹಿಡ್ಕೋಬೇಕು. ಮೊದಲ ಎರಡನ್ನು ಹಿಡಿದು ಮೂರನೆಯದನ್ನು ಬಿಟ್ಟರೆ ಏನಾಗುತ್ತೆ ಅಂತ ನಮ್ಮ ತಮ್ಮನ ತಲೆಯ ಮೇಲಿನ ಆರು ಹೊಲಿಗೆ ಹೇಳುತ್ತೆ.

ಈ ವಾರದ ಅಭ್ಯಾಸ

ಒಂದು: ನೀವು ಹೆಚ್ಚು ಕೇಳೋ ಒಂದು ಪಾಡ್‌ಕಾಸ್ಟ್ ತಗೊಂಡು ನಾಲ್ಕು ಪ್ರಶ್ನೆಗೆ ಉತ್ತರ ಬರೆಯಿರಿ. ಎರಡು: ಒಂದು ದಿನ ಪ್ರಯಾಣದಲ್ಲಿ ಬೇರೆ ಏನೂ ಇಲ್ಲದೆ ಮಾರ್ಕನ ಸುವಾರ್ತೆ ಮಾತ್ರ ಕೇಳಿ. ಮೂರು: ಕೇಳಿದ್ದರಲ್ಲಿ ಅರ್ಥ ಆಗದ ಒಂದು ವಿಷಯ ಗೀಟು ಹಾಕ್ಕೊಂಡು ಬನ್ನಿ. ಮುಂದಿನ ಶನಿವಾರ ಗುಂಪಿನಲ್ಲಿ ಮಾತಾಡೋಣ.

ಇನ್ನೊಂದು ಮಾತು. ನಮ್ಮ ತಮ್ಮ ಈಗ ಮಾತ್ರೆ ತಗೋತಿದ್ದಾನೆ, ಕೆಲಸಕ್ಕೆ ಹೋಗ್ತಿದ್ದಾನೆ. ಆದ್ರೆ ಎಷ್ಟೋ ತಿಂಗಳು ಅವನು ಪ್ರಾರ್ಥನೆ ಮಾಡೋಕೆ ಆಗ್ತಿಲ್ಲ ಅಂತಿದ್ದ. “ಅಣ್ಣ, ನನ್ನ ನಂಬಿಕೆ ಸಾಲದೇ ಹೋಯ್ತಾ?” ಅಂತ ಕೇಳ್ತಿದ್ದ. ತಲೆಯ ಗಾಯಕ್ಕಿಂತ ಆ ಗಾಯ ನಿಧಾನವಾಗಿ ಮಾಯ್ತಿದೆ. ಇಲ್ಲಿ ಯಾರಿಗಾದ್ರೂ ಯಾವುದೋ ದನಿ ಕೇಳಿ ಅಂಥ ಗಾಯ ಆಗಿದ್ರೆ, ಕೂಟ ಮುಗಿದ ಮೇಲೆ ಹೋಗಬೇಡಿ. ಮಾತಾಡೋಣ.

ಕಣ್ಣು ಮುಚ್ಚಿ ಪ್ರಾರ್ಥಿಸೋಣ.

ಪರಲೋಕದ ತಂದೆಯೇ, ನಿಮಗೆ ಸ್ತೋತ್ರ. ಕರ್ತನೇ, ನಮ್ಮ ಕಿವಿಗಳನ್ನು ನಿಮ್ಮ ಕೈಗೆ ಕೊಡ್ತೇವೆ. ಬಾಲಕನಾದ ಸಮುವೇಲನ ಹಾಗೆ ನಿಮ್ಮ ದನಿಯನ್ನು ಗುರುತಿಸೋ ಕೃಪೆ ಕೊಡಿ. ಪರೀಕ್ಷಿಸೋ ಬುದ್ಧಿ ಕೊಡಿ, ಪರೀಕ್ಷಿಸುವಾಗ ಅಹಂಕಾರ ಬಾರದ ಹಾಗೆ ಕಾಪಾಡಿ. ನಾನು ಅಜಾಗರೂಕತೆಯಿಂದ ಮಾಡಿದ್ದನ್ನು ಕ್ಷಮಿಸಿ. ನಮ್ಮ ತಮ್ಮನ ದೇಹವನ್ನೂ ಮನಸ್ಸನ್ನೂ ಪೂರ್ತಿಯಾಗಿ ಸ್ವಸ್ಥಪಡಿಸಿ, ಅವನ ತಾಯಿಯನ್ನು ಸಂತೈಸಿ. ಕೇಳಿದ ವಾಕ್ಯ ಈ ವಾರ ನಮ್ಮ ಮನೆಯಲ್ಲಿ, ಆಫೀಸಿನಲ್ಲಿ, ಕಾಲೇಜಿನಲ್ಲಿ ಫಲ ಕೊಡಲಿ. ಯೇಸು ಕ್ರಿಸ್ತನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.